ಮಶಕದ ತೊಗಲು

“ಎಲ್ಲಿ ಅಡಗಿ ಕುಂತೀ ನೀ?”

ಲಾರಿಯ ಕೆಳಗೆ ಅಂಗಾತ ಮಲಗಿದ್ದ ಸಲಾವುದ್ದೀನ್ ಕೇಳಿದ. ಕೇಳಿದ್ದು ಯಾರನ್ನೂ ಅಲ್ಲ. ಮೂಗಿನಿಂದ ಒಂದು ಗೇಣು ಮೇಲೆ ಮಣ್ಣು ಮೆತ್ತಿದ ಕಬ್ಬಿಣ, ಅದರಾಚೆ ಎಲ್ಲೋ ಸಣ್ಣಗೆ ಸುಯ್ಯೆನ್ನುವ ಸಪ್ಪಳ. ಹಾಲು ಕುಡಿದು ಮಲಗಿದ ಕೂಸು ಉಸಿರು ಬಿಟ್ಟ ಹಾಗೆ, ಕಿವಿಗೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

“ಮಡೆಪ್ಪಾ, ಇನ್ನೊಮ್ಮೆ ಒತ್ತು. ಒತ್ತಿ ಹಿಡಿ. ಮ್ಯಾಲಿನವರು ಒಂದು ಗಳಿಗಿ ಮಾತು ನಿಲ್ಲಸ್ರಿ!”

ಮಾತು ನಿಂತಿತು. ಮೇಲೆ ಲಾರಿಯ ಹಲಗೆಗಳ ಮೇಲೆ ಹನ್ನೊಂದು ಮನೆತನದ ಮಂದಿ ಗಂಟುಮೂಟೆ ಹೇರುತ್ತಿದ್ದರು. ಚಾಲಕ ಮಡೆಪ್ಪ ಬ್ರೇಕು ಒತ್ತಿದಾಗಲೆಲ್ಲ ಆ ಸಪ್ಪಳ ಏಳುತ್ತಿತ್ತು, ಕಾಲು ತೆಗೆದರೆ ಅಡಗುತ್ತಿತ್ತು. ಸಲಾವುದ್ದೀನ್ ಸಾಬೂನಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಹಿಂದಿನ ಬಲಗಾಲಿಯ ಬ್ರೇಕಿನ ಡಬ್ಬಿಯ ಸುತ್ತ ಒರೆಸಿದ. ಡಬ್ಬಿಯ ಬಾಯಿಂದ ಬಿಳಿ ಗುಳ್ಳೆಗಳು ಒಂದರ ಹಿಂದೊಂದು ಹುಟ್ಟಿ ಒಡೆದವು.

ಅವನು ಕಣ್ಣು ಮುಚ್ಚಿಕೊಂಡ. ಆ ಡಬ್ಬಿಯೊಳಗೆ ತಾನು ಏನು ಹಾಕಿದ್ದೇನೆಂದು ಅವನಿಗೆ ನೆನಪಿತ್ತು.

ಇಂಜಿನ್ ತಿರುಗಿಸುವ ಹ್ಯಾಂಡಲ್ ಅವನ ಪಕ್ಕದಲ್ಲೇ ಮಣ್ಣಿನಲ್ಲಿತ್ತು. ಗಾಲಿಗಳಿಗೆಲ್ಲ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡಲ್ ಜೊತೆಗಿಟ್ಟುಕೊಂಡೇ ಅವನು ಕೆಳಗೆ ಹೋಗುತ್ತಿದ್ದ. ಯುದ್ಧದ ಕಾಲದಲ್ಲಿ ಬೊಲಾರಂನ ಮಿಲಿಟರಿ ಕಾರ್ಖಾನೆಯಲ್ಲಿದ್ದಾಗ, ಕೆಳಗೆ ಮನುಷ್ಯನಿದ್ದಾನೆಂದು ತಿಳಿಯದೆ ಯಾರೋ ಇಂಜಿನ್ ಚಾಲೂ ಮಾಡಿ ಅವನ ಎಡಗಾಲು ಮುರಿದಿತ್ತು. ಆ ಕಾಲು ಈಗಲೂ ನೆಟ್ಟಗೆ ಊರುತ್ತಿರಲಿಲ್ಲ. ಹುಮನಾಬಾದಿನ ಪೇಟೆಯ ಆಚೆ ತುದಿಗೆ ಹೋಗಬೇಕೆಂದರೂ ಎರಡು ಕಡೆ ಕುಳಿತು ಹೋಗುತ್ತಿದ್ದ.

ಬ್ರೇಕಿನ ಗಾಳಿ ಹಿಡಿದಿಡುವ ಟಾಕಿಯ ಕೆಳಗಿನ ತಿರುಪನ್ನು ಬಿಚ್ಚಿದ. ತುಂಬಿದ್ದ ಗಾಳಿ ಭುಸ್ಸೆಂದು ಕೆಂಪು ನೀರು ಚಿಮ್ಮಿಸುತ್ತ ಹೊರಬಿತ್ತು. ಕೋಳಿಗಳು ಚದುರಿ ಓಡಿದವು.

“ಯವ್ವಾ, ಏನಿದರ ಸಿಟ್ಟು!” ಎಂದಳು ಮೇಲಿನಿಂದ ಮುದುಕಿ ಮುನ್ನಿ ಬೀ. “ನಮ್ಮ ಮನಿಯವರೂ ಹೀಂಗಽ ಇದ್ದರು. ಬುಸುಗುಟ್ಟಿ ಬುಸುಗುಟ್ಟಿ ಕಡೀಕ ರೊಟ್ಟಿ ಕೇಳತಿದ್ದರು.”

ಹೆಂಗಸರು ನಕ್ಕರು. ಹದಿನೇಳು ತಿಂಗಳ ಮೇಲೆ ಆ ಮಂದಿ ಒಟ್ಟಿಗೆ ನಕ್ಕದ್ದು ಇದೇ ಮೊದಲಿರಬೇಕು. ರಾಜ್ಯ ಬದಲಾದ ಗಲಾಟೆಯ ವರ್ಷ ತಮ್ಮೂರು ಮುಡಬಿ ಬಿಟ್ಟು ಓಡಿ ಬಂದವರು ಹುಮನಾಬಾದಿನ ದರ್ಗಾದ ಅಂಗಳದಲ್ಲಿ ಗೋಣಿತಟ್ಟಿನ ಮರೆ ಕಟ್ಟಿಕೊಂಡು ಉಳಿದಿದ್ದರು. ಸಲಾವುದ್ದೀನನ ತಂಗಿ ವಜೀರಬಿ ಸತ್ತ ಗಂಡನನ್ನು ಮುಡಬಿಯ ಮಣ್ಣಿಗೇ ಬಿಟ್ಟು ಬಂದಿದ್ದಳು. ಹೋದ ವಾರ ಮುಡಬಿಯ ಹಿರಿಯರು ಹೇಳಿ ಕಳಿಸಿದ್ದರು: ಗುರುವಾರ ಹೊತ್ತು ಮುಳುಗುವುದರೊಳಗೆ ಬಂದು ಚಾವಡಿಯ ಮುಂದೆ ನಿಲ್ಲಲಿ, ಮನೆಯ ಕೀಲಿಯನ್ನೂ ಹೊಲವನ್ನೂ ಎಲ್ಲರ ಎದುರಿಗೆ ಒಪ್ಪಿಸುತ್ತೇವೆ. ಬಾರದಿದ್ದರೆ ಶುಕ್ರವಾರದಿಂದ ಆ ಹೊಲಗಳ ಜೋಳ ಕೊಯ್ಯಲು ಇಳಿಯುವವರನ್ನು ತಡೆಯುವುದು ನಮ್ಮಿಂದಾಗದು.

ಇವತ್ತು ಗುರುವಾರ. ಕಲ್ಯಾಣದ ದೇವಿಂದ್ರಪ್ಪ ತನ್ನ ಲಾರಿಯನ್ನು ಪುಕ್ಕಟೆ ಕೊಟ್ಟು, ತಾನೂ ಜೊತೆಗೆ ಬರುತ್ತೇನೆಂದು ನಸುಕಿನಲ್ಲೇ ಬಂದು ನಿಂತಿದ್ದ.

ಸಲಾವುದ್ದೀನ್ ಬಿಸ್ಮಿಲ್ಲಾ ಎಂದು ಡಬ್ಬಿಯ ಮುಚ್ಚಳ ಬಿಚ್ಚಿದ. ಗಾಳಿಯ ಒತ್ತಡಕ್ಕೆ ಉಬ್ಬಿ ಬ್ರೇಕು ಹಿಡಿಸುವ ಒಳಗಿನ ಪರದೆ ಕೈಗೆ ಬಂತು. ಒಂದು ರೊಟ್ಟಿಯಷ್ಟಗಲ, ಕರಿ ತೊಗಲು. ಮಡಿಕೆಯ ಉದ್ದಕ್ಕೂ ಕೂದಲೆಳೆಯಂಥ ಸೀಳು.

ಅಲ್ಲಿ ಇರಬೇಕಾದದ್ದು ರಬ್ಬರು. ದಸರೆಯ ಹೊತ್ತಿಗೆ ಅದು ಹರಿದಾಗ ಇಂಥ ಮಿಲಿಟರಿ ಲಾರಿಯ ಸಾಮಾನು ಹತ್ತಿರದಲ್ಲೆಲ್ಲೂ ಸಿಗಲಿಲ್ಲ. ಆಗ ಸಲಾವುದ್ದೀನನ ಕಣ್ಣಿಗೆ ಬಿದ್ದದ್ದು ನೀರು ಹೊರುವ ಅಜೀಮುದ್ದೀನನ ಹಳೆಯ ಮಶಕ. ಇಪ್ಪತ್ತು ವರ್ಷ ಬೆನ್ನ ಮೇಲೆ ನೀರು ಹೊತ್ತ ಆಡಿನ ತೊಗಲಿನ ಚೀಲ. ಒಂದು ಹನಿ ಸೋರಿದ್ದಿಲ್ಲ. ನೀರು ಬಿಡದ ತೊಗಲು ಗಾಳಿಯನ್ನೇನು ಬಿಟ್ಟೀತು ಎಂದು ಅವನು ಲೆಕ್ಕ ಹಾಕಿದ. ದುಂಡಗೆ ಎರಡು ಸುತ್ತು ಕತ್ತರಿಸಿ, ಔಡಲೆಣ್ಣೆ ತಿನ್ನಿಸಿ, ಹಿಂದಿನ ಎರಡೂ ಡಬ್ಬಿಗೆ ಹಾಕಿದ. ಲಾರಿ ನಿಂತಿತು, ಓಡಿತು. ಪೇಟೆಯ ಮಂದಿ ಬಂದು ನೋಡಿ ಶಾಬಾಸ್ ಎಂದು ಹೋದರು. ಮಶಕದ ತೊಗಲು ಗಟ್ಟಿಯಿದ್ದದ್ದು ದಿನಾ ನೀರು ಕುಡಿದದ್ದಕ್ಕೆ ಎಂಬುದು ಆಗ ಅವನಿಗೆ ಹೊಳೆಯಲಿಲ್ಲ. ಕಾದ ಗಾಲಿಯ ಪಕ್ಕದಲ್ಲಿ ನಾಲ್ಕು ತಿಂಗಳು ಒಣಗಿ, ಅದು ಹಪ್ಪಳದಂತಾಗಿತ್ತು.

ಅವನು ತೆವಳಿ ಹೊರಬಂದು ಗಾಲಿಗೆ ಬೆನ್ನು ಕೊಟ್ಟು ಕುಳಿತ. ದೇವಿಂದ್ರಪ್ಪ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ.

“ಏನಾಗ್ಯಾದ ಮಿಸ್ತ್ರಿ?”

ಸಲಾವುದ್ದೀನ್ ತೊಗಲನ್ನು ಬೆಳಕಿಗೆ ಹಿಡಿದು ಬಗ್ಗಿಸಿದ. ಸೀಳಿನಲ್ಲಿ ಆಕಾಶ ಕಾಣಿಸಿತು.

“ಇಷ್ಟಽ? ಇನ್ನೊಂದು ಸುತ್ತು ಕೊಯ್ದು ಹಾಕು. ಅಂದು ಹಾಕಿದ್ದಿ, ಓಡ್ಯಾದಲ್ಲ.”

ಲಾರಿಯ ಮೇಲಿದ್ದ ಅಜೀಮುದ್ದೀನ್ ಬಗ್ಗಿ ನೋಡಿದ. ಅವನ ಮಗಳೂ ಮುಡಬಿಗೆ ಕೊಟ್ಟವಳೇ, ಅವಳ ಜೊತೆ ಹೊರಟಿದ್ದ. “ನನ್ನ ಹೊಸಾ ಮಶಕಾ ತೊಗೋ ಸಲಾವುದ್ದೀನ್. ಈಗ ಬಿಚ್ಚಿ ಕೊಡತೀನಿ. ಊರಿಗೆ ಹೋದ್ರ ಬಾವಿ ಮನಿ ಮುಂದ ಅದ, ಮಶಕಾ ಯಾಕ ಬೇಕು ನನಗ?”

“ಒಂದು ತಾಸಿನ ಕೆಲಸ,” ಎಂದ ಮಡೆಪ್ಪ. “ನಾ ಸಾವಕಾಶ ಹೊಡೀತೀನಿ. ಲಾರಿಗೆ ಲಗ್ನದ ನಡಿಗಿ ನಡಸತೀನಿ, ಬೇಕಂದ್ರ.”

ಎಲ್ಲರೂ ಸಲಾವುದ್ದೀನನ ಕೈಯನ್ನೇ ನೋಡುತ್ತಿದ್ದರು. ಹಾಕಬಹುದಿತ್ತು. ಹೊಸ ತೊಗಲು ಎಣ್ಣೆ ಕುಡಿದು ಇವತ್ತಿನ ಮಟ್ಟಿಗೆ ತಾಳಿಕೊಂಡರೂ ತಾಳಿಕೊಳ್ಳಬಹುದು. ಮುಡಬಿಗೆ ಮೊದಲು ಬರುವ ಇಳಿಜಾರು ಅವನ ಕಣ್ಣಮುಂದೆ ಬಂತು. ಬಲಕ್ಕೆ ಕಲ್ಲುಗುಡ್ಡ, ಎಡಕ್ಕೆ ಹಳ್ಳ, ನಡುವೆ ಒಂದು ಕೊಂಕು. ಅರವತ್ತು ಜೀವ ಹೇರಿದ ಲಾರಿ.

“ಸಾವ್ಕಾರ್ರೆ, ಒಂದು ಮಾತು ಹೇಳತೀನಿ, ಎಲ್ಲಾರೂ ಕೇಳ್ರಿ,” ಎಂದ. “ನಾಲ್ಕು ತಿಂಗಳು ಈ ಲಾರಿ ನನ್ನ ತಪ್ಪಿನ ಮ್ಯಾಲ ಓಡ್ಯಾದ. ನೀರಿನ ತೊಗಲು ಗಾಳಿಗೆ ಆಗಂಗಿಲ್ಲ. ರಬ್ಬರು ಹರೀಬೇಕಾದ್ರ ಮೊದಲ ಸೋರತದ, ಸಪ್ಪಳ ಮಾಡತದ. ತೊಗಲು ಇವತ್ತ ಸುಯ್ಯಂದದ್ದು ನಮ್ಮ ನಸೀಬ; ಅದು ಮೆಲ್ಲಕ ಒತ್ತಿದ್ರ ಹಿಡೀತದ, ಜೋರ ಒತ್ತಿದ ದಿನ ಒಮ್ಮಿಂದೊಮ್ಮೆ ಬಿಡತದ. ಗಾಳಿ ಹೋತಂದ್ರ ಬ್ರೇಕ ಹೋತು. ಇಷ್ಟು ದಿನ ಯಾರೂ ಸಾಯಲಿಲ್ಲ, ಅದು ಅಲ್ಲಾನ ಮೆಹರಬಾನಿ. ನನ್ನ ಕೈಗುಣ ಅಲ್ಲ.”

ದೇವಿಂದ್ರಪ್ಪ ಸೀಳಿದ ತೊಗಲನ್ನು ಕೈಗೆ ತೆಗೆದುಕೊಂಡು ನೋಡಿದ. ದಸರೆಯಿಂದೀಚೆಗೆ ಅವನ ಮನೆಯ ಹೆಣ್ಣುಮಕ್ಕಳೂ ಅದೇ ಲಾರಿಯಲ್ಲಿ ಹುಮನಾಬಾದಿಗೆ ಬಂದು ಹೋಗಿದ್ದರು.

“ಆವತ್ತ ಹೇಳಬೇಕಿತ್ತು ನೀ,” ಎಂದ.

“ಆವತ್ತ ಗೊತ್ತಿದ್ದಿಲ್ಲರಿ. ಇವತ್ತ ಗೊತ್ತಾಗ್ಯಾದ. ಗೊತ್ತಾದ ಮ್ಯಾಲ ಹ್ಯಾಂಗ ಹಾಕಲಿ?”

ದೇವಿಂದ್ರಪ್ಪ ಎದ್ದು ಧೋತರ ಝಾಡಿಸಿಕೊಂಡ. “ಎಲ್ಲಾರೂ ಇಳೀರಿ,” ಎಂದು ಲಾರಿಯವರಿಗೆ ಹೇಳಿ, ಬಂಡಿ ಹುಡುಕಲು ಪೇಟೆಯ ಕಡೆ ಬಿರಬಿರನೆ ಹೋದ. ಸಿಕ್ಕದ್ದು ಎರಡೇ. ಮುದುಕರೂ ಕೂಸುಗಳೂ ಅದರಲ್ಲಿ ಕೂತರೆ ಸರಿ. ಆದರೆ ಆ ಎತ್ತುಗಳು ನಡುರಾತ್ರಿಯ ಮೊದಲು ಮುಡಬಿ ಮುಟ್ಟುವಂತಿರಲಿಲ್ಲ.

“ಸೈಕಲ್ ಮ್ಯಾಲ ಮಡೆಪ್ಪನ್ನ ಕಳಸತೀನಿ,” ಎಂದ ದೇವಿಂದ್ರಪ್ಪ. “ನಾಳೆ ಬರತಾರಂತ ಸುದ್ದಿ ಮುಟ್ಟಸಲಿ.”

“ಸುದ್ದಿ ಭಾಳ ಸಲ ಹೋಗ್ಯಾದರಿ ಅಪ್ಪಾವ್ರೆ,” ಎಂದಳು ವಜೀರಬಿ. “ಅವರಿಗೆ ನಮ್ಮ ಮಾರಿ ಕಾಣಬೇಕಾಗ್ಯಾದ.”

ಅವಳು ಅಣ್ಣನ ಹತ್ತಿರ ಬಂದು ನಿಂತಳು. ಸಿಟ್ಟಿಲ್ಲ, ಅಳುವೂ ಇಲ್ಲ.

“ಭಾಯಿ, ಹಾಕಿಬಿಡು. ಹೋದ್ರ ನಮ್ಮ ಜೀವ ಹೋಗತದ. ಹದಿನೇಳು ತಿಂಗಳ ಹಿಂದಽ ಹೋಗಬೇಕಿತ್ತು.”

“ಹಾಕಂಗಿಲ್ಲ ವಜೀರಾ.”

“ನಿನ್ನ ತಂಗಿ ಕೇಳಾಕತ್ತಾಳ.”

“ನೀ ಕೇಳಾಕತ್ತಿದಿ ಅಂತಽ ಹಾಕಂಗಿಲ್ಲ.”

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಲಾರಿಯ ಹಿಂದಕ್ಕೆ ಹೋಗಿ, ತನ್ನ ಗಂಟನ್ನಷ್ಟೇ ಎಳೆದುಕೊಂಡು ತಲೆಯ ಮೇಲಿಟ್ಟುಕೊಂಡಳು. ಬಿಸಿಲು ಇನ್ನೂ ಎಳೆಯದಿತ್ತು. ನಡಿಗೆ ಬಲ್ಲವರು ಈಗ ಹೊರಟರೆ ಹೊತ್ತು ಮುಳುಗುವ ವೇಳೆಗೆ ಮುಡಬಿಯ ಸೀಮೆ ಕಂಡರೂ ಕಾಣಬಹುದು. ಏಳು ಹರದಾರಿ, ಇಪ್ಪತ್ತು ಮೈಲಿಯ ದಾರಿ. ಅವಳ ಹಿಂದೆ ಅಜೀಮುದ್ದೀನನ ಮಗಳು ಎದ್ದಳು; ಅವಳ ಹಿಂದೆ ಇನ್ನಿಬ್ಬರು ಹೆಂಗಸರು; ಅಜೀಮುದ್ದೀನ್ ಮಶಕವನ್ನು ಬೆನ್ನಿಗೇರಿಸಿಕೊಂಡು ದಾರಿಗೆ ನೀರು ತುಂಬಲು ಬಾವಿಯ ಕಡೆ ಓಡಿದ. ಮುನ್ನಿ ಬೀ ಬಂಡಿಯಲ್ಲಿ ಕುಳಿತು ತಸ್ಬಿಯ ಮಣಿ ಎಣಿಸತೊಡಗಿದಳು.

ಸಲಾವುದ್ದೀನ್ ಗಾಲಿ ಹಿಡಿದು ಎದ್ದ. ಕಾಲೆಳೆಯುತ್ತ ರಸ್ತೆಯ ಅಂಚಿನವರೆಗೆ ವಜೀರಬಿಯ ಹಿಂದೆ ಬಂದ. ಅಲ್ಲಿಂದ ಮುಂದಿನ ದಾರಿ ಆ ಕಾಲಿಗೆ ಆಗುವಂತಿರಲಿಲ್ಲ. ಅವಳ ಗಂಡನನ್ನು ಕೊಂದು ಕೆಡವಿದವರಲ್ಲಿ ಇಬ್ಬರು ಇವತ್ತು ಅದೇ ಚಾವಡಿಯ ಕಟ್ಟೆಯ ಮೇಲೆ ಕೂತಿರುತ್ತಾರೆ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

“ವಜೀರಾ, ನಿಲ್ಲು. ಆ ಮಂದಿ ಮುಂದ ನಾ ಇಲ್ಲದ ಹೋಗಿ ನಿಲ್ಲಬ್ಯಾಡ. ಈಗಽ ಮಂದಿ ಕಳಸಿದ್ರ ಸೋಮವಾರ ಸೋಲಾಪುರದಿಂದ ರಬ್ಬರು ಬರತದ. ನಾನಽ ನಿನ್ನ ಬಾಜೂಕ ಕುಂತು ಬರತೀನಿ, ಚಾವಡಿ ಮುಂದ ನಿನ್ನ ಕೂಡ ನಿಲ್ಲತೀನಿ. ನಾಲ್ಕಽ ದಿನ. ನನ್ನ ಸಲುವಾಗಿ ಇರು.”

ಅವಳು ನಿಂತಳು. ತಿರುಗಲಿಲ್ಲ. ತಲೆಯ ಮೇಲಿನ ಗಂಟನ್ನು ಒಂದು ಕೈಯಿಂದ ಸರಿಮಾಡಿಕೊಂಡು, ಬಿಸಿಲಿಗೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

“ಇರಂಗಿಲ್ಲ,” ಎಂದಳು.