ಕತ್ತರಿಸಿಹೋದ ವಾಕ್ಯ

ದಾಂಡೇಲಿಯ ಬಂಗೂರನಗರದಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮಹಾಬಳೇಶ್ವರರು ಕ್ಯಾಮೆರಾದ ಮುಂದೆ ನಲವತ್ತು ನಿಮಿಷ ಮಾತನಾಡಿದ್ದರು. ಸಾಕ್ಷ್ಯಚಿತ್ರದಲ್ಲಿ ಉಳಿದದ್ದು ಹನ್ನೆರಡು ಸೆಕೆಂಡು. ಎಲೆಕ್ಟ್ರಾನನ್ನು ಗಮನಿಸಿದಾಗ ಅದರ ನಡತೆಯೇ ಬದಲಾಗುತ್ತದೆ ಎಂಬ ವಾಕ್ಯ ಅದರಲ್ಲಿತ್ತು. ಇಲ್ಲಿ ಗಮನಿಸುವುದೆಂದರೆ ಉಪಕರಣದಿಂದ ಅಳೆಯುವುದು, ಮನುಷ್ಯನ ಮನಸ್ಸಿಗೂ ಇದಕ್ಕೂ ಸಂಬಂಧವಿಲ್ಲ ಎಂಬ ಮುಂದಿನ ವಾಕ್ಯ ಇರಲಿಲ್ಲ. ಅದರ ಜಾಗದಲ್ಲಿ ತಂಬೂರಿಯ ಶ್ರುತಿ, ಧ್ಯಾನಕ್ಕೆ ಕುಳಿತ ಮುಖವೊಂದು, ಸುಳಿಸುಳಿಯಾಗಿ ತಿರುಗುವ ನಕ್ಷತ್ರಗಳು. ಜೊತೆಗೆ, ನೋಟವೊಂದೇ ದೇಹದ ಕಣಕಣವನ್ನು ತಿದ್ದಬಲ್ಲದೆಂದು ಋಷಿಗಳು ಎಂದೋ ಅರಿತಿದ್ದರೆನ್ನುವ ಗಂಭೀರ ಕಂಠ.

ಮೊದಲ ಸಲ ನೋಡಿದಾಗ ಅವರಿಗೆ ಸಿಟ್ಟೇ ಬಂದಿತ್ತು. ಚಿತ್ರ ಮಾಡಿದವರಿಗೆ ಖಂಡನೆಯ ಪತ್ರ ಬರೆಯಲು ಕುಳಿತರು. ಅಷ್ಟರಲ್ಲಿ ಫೋನುಗಳು ಬರತೊಡಗಿದವು: ಮುಂಡಗೋಡದಿಂದ ಷಡ್ಡಕರು, ಎಲ್ಲೆಲ್ಲಿಂದಲೋ ಹಳೆಯ ವಿದ್ಯಾರ್ಥಿಗಳು. ಕಾಲೊನಿಯವರು ಸಭಾಭವನದಲ್ಲಿ ಪರದೆ ಕಟ್ಟಿ ಚಿತ್ರ ತೋರಿಸಿ, ಅವರಿಗೆ ಶಾಲು ಹೊದಿಸಿದರು. ಎರಡು ಮಾತಾಡಿರೆಂದಾಗ ಅವರು ಎಲ್ಲರಿಗೂ ಕೃತಜ್ಞತೆ ಹೇಳಿ ಕುಳಿತುಬಿಟ್ಟರು. ಪತ್ರ ಅರ್ಧಕ್ಕೇ ನಿಂತಿತು.

ಆ ಸಭೆಯಲ್ಲಿ ಸಾತಪ್ಪನೂ ಇದ್ದ. ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವನು. ಕಾಗದವಿನ್ನೂ ಒದ್ದೆ ಬಟ್ಟೆಯಂತೆ ಮೆತ್ತಗಿರುವಾಗ, ಯಂತ್ರದ ಮೇಲೆ ಓಡುವ ಆ ಹಾಳೆ ಹರಿಯದಂತೆ ಕಾಯುವುದು ಅವನ ಕೆಲಸವಾಗಿತ್ತು. ಕಣ್ಣು ಆಚೆ ಸರಿದ ಗಳಿಗೆಯಲ್ಲೇ ಹಾಳೆ ಹರಿಯುತ್ತದೆ, ದಿಟ್ಟಿಸಿ ನಿಂತಷ್ಟು ಹೊತ್ತು ಹರಿಯಲಾರದು ಎಂದು ಅವನ ಪಾಳಿಯವರೆಲ್ಲ ನಂಬಿದ್ದರು. ಹೊಸಬರು ನಕ್ಕರೆ, "ನಗು ಮಗನ, ನಗು. ಹಾಳಿ ಹರದಾಗ ಅಳಾಂವ ನೀನ" ಎನ್ನುತ್ತಿದ್ದರು. ಹೀಗಾಗಿ ಚಿತ್ರದ ಮಾತು ಸಾತಪ್ಪನಿಗೆ ಹೊಸದೆನಿಸಲಿಲ್ಲ. ತನಗೆ ಮೊದಲೇ ಗೊತ್ತಿದ್ದುದಕ್ಕೆ ದೊಡ್ಡವರೊಬ್ಬರು ರುಜು ಹಾಕಿದಂತಾಯಿತು.

ಅವನ ಹೆಂಡತಿ ಗೋದುಬಾಯಿಯ ಎದೆಯಲ್ಲಿ ಕ್ಯಾನ್ಸರಿನ ಗಂಟಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆರು ಸುತ್ತು ಕಿಮೋ ಆಗಬೇಕೆಂದಿದ್ದರು. ಎರಡು ಮುಗಿಯುವಷ್ಟರಲ್ಲಿ ಕೂದಲೆಲ್ಲ ಉದುರಿ, ಅನ್ನದ ವಾಸನೆಗೇ ಅವಳಿಗೆ ವಾಂತಿಯಾಗುತ್ತಿತ್ತು. ಮೂರನೆಯದಕ್ಕೆ ಸಾತಪ್ಪ ಅವಳನ್ನು ಕರೆದೊಯ್ಯಲೇ ಇಲ್ಲ.

ಮಹಾಬಳೇಶ್ವರರಿಗೆ ಇದು ತಿಳಿದದ್ದು ನಾಲ್ಕು ತಿಂಗಳ ಮೇಲೆ, ಹಳಿಯಾಳಕ್ಕೆ ಕೊಟ್ಟಿದ್ದ ಅವನ ಮಗಳು ಸ್ವಪ್ನಾ ಬಂದು ಬಾಗಿಲಲ್ಲಿ ನಿಂತಾಗ.

"ಸರ, ಅಪ್ಪಗ ನೀವ ಹೇಳಬೇಕ್ರಿ. ಅವ್ವನ್ನ ದವಾಖಾನಿಗಿ ಒಯ್ಯವಲ್ಲ. ದಿನಾ ಆಕಿ ಮುಂದ ಕುಂತು ದಿಟ್ಟಿಸಿ ನೋಡ್ತಾನ. ಯಾಕಪಾ ಅಂದ್ರ, ಸರ ಹೇಳ್ಯಾರಲ್ಲ, ನಿನಗೇನ್ ತಿಳೀತೈತಿ ಅಂತಾನ."

ಅವರು ಹಾಗೇ ಹೊರಟರು. ಸಾತಪ್ಪ ಮಂಚದೆದುರು ಸ್ಟೂಲಿನ ಮೇಲೆ ಕುಳಿತಿದ್ದ.

"ಬರ್ರಿ ಸರ, ಕೂಡ್ರಿ. ಹೊಳ್ಳಿ ನೋಡಿ ಮಾತಾಡಾಕ ಬರೂದಿಲ್ಲ, ಸಿಟ್ಟಾಗಬ್ಯಾಡ್ರಿ."

"ಲಗ್ನಾದ ಹೊಸತಾಗಿ ಹಿಂಗ ನೋಡಿದ್ರ ಒಂದ ಮಾತಿತ್ತು ನೋಡ್ರಿ ಅಣ್ಣಾರ" ಎಂದಳು ಗೋದುಬಾಯಿ ಮಲಗಿದಲ್ಲಿಂದಲೇ. "ತೆಲಿ ಬೋಳಾದ ಮ್ಯಾಲೆ ಇವರಿಗಿ ನಾ ಚಂದ ಕಾಣಾಕ ಹತ್ತೇನಿ." ನಗಲು ಹೋಗಿ ಕೆಮ್ಮಿದಳು. ಕೆಮ್ಮು ಬೇಗ ನಿಲ್ಲಲಿಲ್ಲ.

"ಸಾತಪ್ಪ, ನಾ ಹೇಳಿದ್ದು ಎಲೆಕ್ಟ್ರಾನಿನ ಮಾತು. ಗಂಟಿಗಿ ಅದು ಹತ್ತೂದಿಲ್ಲ. ನನ್ನ ಮುಂದಿನ ಮಾತು ಅವರು ಕತ್ತರಿಸಿ ಒಗದಾರ."

"ಮೈಯಾಗೂ ಅವ ಎಲೆಕ್ಟ್ರಾನ್ ಇರ್ತಾವಲ್ರಿ? ನಮ್ಮ ಸ್ವಪ್ನಾಗ ನೀವ ಕಲಿಸಿದ್ದು."

"ಕಲಿಸೇನಿ. ಆದರ ಅಲ್ಲಿ ನೋಡೂದಂದ್ರ ಯಂತ್ರದ ಅಳತಿ. ಕಣ್ಣಿನ ನೋಟಕ್ಕ ರೋಗ ಕಳಿಯೂ ಶಕ್ತಿ ಇಲ್ಲ. ನಿನ್ನ ಕಣ್ಣಿಗಿಲ್ಲ, ಯಾವ ಸ್ವಾಮಿ ಕಣ್ಣಿಗೂ ಇಲ್ಲ."

ಸಾತಪ್ಪ ಆಗ ಮೊದಲ ಬಾರಿಗೆ ಅವರತ್ತ ತಿರುಗಿದ.

"ಮತ್ತ ಶಾಲು ಹೊಚ್ಚಿದ ದಿನ ಇದನ್ನ ಯಾಕ ಹೇಳಲಿಲ್ರಿ?"

"ನಾಳೆ ಮುಂಜಾನೆ ಹುಬ್ಬಳ್ಳಿಗಿ ಹೋಗೂಣು, ನಾನೂ ಬರ್ತೇನಿ" ಎಂದಷ್ಟೇ ಅಂದರು ಮಹಾಬಳೇಶ್ವರರು.

ಮರುದಿನ ಬೆಳಿಗ್ಗೆ ನಾಲ್ವರೂ ಹುಬ್ಬಳ್ಳಿಗೆ ಹೋದರು. ತಪಾಸಣೆಗಳು ಮುಗಿದ ಮೇಲೆ ಡಾಕ್ಟರು, ಮನೆಯ ಹಿರಿಯರೆಂದು ಭಾವಿಸಿ ಮಹಾಬಳೇಶ್ವರರನ್ನೇ ಒಳಗೆ ಕರೆದರು. ಮೊದಲೆರಡು ಸುತ್ತಿನಲ್ಲಿ ಗಂಟು ಚೆನ್ನಾಗಿಯೇ ಕುಗ್ಗಿತ್ತು. ಈಗ ರೋಗ ಶ್ವಾಸಕೋಶವನ್ನೂ ಯಕೃತ್ತನ್ನೂ ಹೊಕ್ಕಿದೆ. ಇನ್ನು ನೋವಿಗೆ ಔಷಧಿ ಕೊಡಬಹುದು, ಅಷ್ಟೇ.

ಮಹಾಬಳೇಶ್ವರರು ವಾರ್ಡಿಗೆ ಹೋದಾಗ ಸ್ವಪ್ನಾ ಔಷಧಿಯ ಚೀಟಿ ಹಿಡಿದು ಕೆಳಗೆ ಹೋಗಿದ್ದಳು. ಗೋದುಬಾಯಿ ಅವರ ಮುಖವನ್ನೇ ನೋಡಿದಳು.

"ತಿಳೀತ್ರಿ ಅಣ್ಣಾರ. ಒಂದ ಮಾತು ನಡಸಿ ಕೊಡ್ರಿ. ತಡಾ ಆತು ಅಂತ ಅವರ ಮುಂದ ಹೇಳಬ್ಯಾಡ್ರಿ. ನಾ ಹೋದ ಮ್ಯಾಲೆ ಅವರು ಬದುಕಬೇಕಲ್ಲ." ಸ್ವಲ್ಪ ತಡೆದು, ದನಿ ತಗ್ಗಿಸಿ ಹೇಳಿದಳು: "ಆ ಸೂಜಿ ನನಗೂ ಸಾಕಾಗಿತ್ತರಿ. ಹೋಗೂದು ಬ್ಯಾಡ ಅಂದಾಗ ಒಳಗೊಳಗ ಹಿಗ್ಗಿದ್ದೆ."

ಮೊಗಸಾಲೆಯಲ್ಲಿ ಸಾತಪ್ಪ ಗೋಡೆಗೆ ಒರಗಿ ನಿಂತಿದ್ದ.

"ಏನಂದ್ರಿ ಡಾಕ್ಟರು? ತಡಾ ಆಗೈತೇನ್ರಿ?"

ಇಲ್ಲ ಎಂಬ ಮಾತು ಅವರ ನಾಲಗೆಯ ತುದಿಗೆ ಬಂದಿತ್ತು. ಸಾಯುವವಳೇ ಬೇಡಿಕೊಂಡದ್ದು. ಆದರೆ ಆ ಒಂದು ಮಾತಿನಿಂದ ಸಾತಪ್ಪನಷ್ಟೇ ಅಲ್ಲ, ತಾವೂ ಪಾರಾಗುವರೆಂಬುದು ಅದೇ ಕ್ಷಣ ಅವರಿಗೆ ಹೊಳೆಯಿತು. ತಮ್ಮನ್ನೂ ಉಳಿಸುವ ಕರುಣೆಯನ್ನು ನಂಬುವ ಧೈರ್ಯ ಅವರಿಗೆ ಆಗಲಿಲ್ಲ.

"ಆಗೈತಿ ಸಾತಪ್ಪ. ಆದರ ತಡಾ ಮಾಡಿದಾಂವ ನೀ ಅಲ್ಲ. ಬಾಯಿ ತೆಗೀಬೇಕಾದಾಗ ತೆಗೀಲಿಲ್ಲ ನಾ."

ಸಾತಪ್ಪ ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಮಹಾಬಳೇಶ್ವರರು ತಡೆದುಕೊಳ್ಳುತ್ತಿದ್ದರು. ಅವನು ಹೆಗಲ ಮೇಲಿನ ಟವೆಲಿನಿಂದ ಮುಖವೊರೆಸಿಕೊಂಡು, ಎಂದಿನ ವಿನಯದಲ್ಲೇ ಹೇಳಿದ:

"ದಾಂಡೇಲಿಗಿ ಇನ್ನೂ ಬಸ್ಸು ಅದಾವ ಸರ. ನೀವು ಹೋಗ್ರಿ."

"ನಾನೂ ಇಲ್ಲೇ..."

"ಬ್ಯಾಡ್ರಿ. ಹೋಗ್ರಿ."

ಅವನು ವಾರ್ಡಿನೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡ. ಮಹಾಬಳೇಶ್ವರರು ತುಸು ಹೊತ್ತು ಅಲ್ಲೇ ನಿಂತಿದ್ದರು. ಆಮೇಲೆ ಕಾವಲುಗಾರನ ಬಳಿ ಬಸ್ ನಿಲ್ದಾಣದ ದಾರಿ ಕೇಳಿಕೊಂಡು ಮೆಟ್ಟಿಲಿಳಿದರು.