ಕುದುರೆ ತಲೆ ತಗ್ಗಿಸಬಾರದು

“ಕಲ್ಲು ಎದ್ದೈತಂತೆ. ಕಲ್ಲೇನು ನಿನ್ ಗಂಡನೇನೇ, ನೀ ಕೈ ಇಟ್ಟ ತಕ್ಷಣ ಏಳಾಕೆ?”

ಹೀಗೆಂದವನೇ ಮೇಸ್ತ್ರಿ ಘುಟ್ಕ, ತೊರ್ಕಿಯ ಎಡಗಿವಿ ಹಿಡಿದೆಳೆದ. ಅವಳು ಆಗಷ್ಟೇ ಬಂಡೆಯ ಮೇಲೆ ಒತ್ತಿದ್ದ ಮಸಿಯ ಅಂಗೈ ಗುರುತನ್ನು ಅದೇ ಕಿವಿಯಿಂದ, ಅಡುಗೆಮನೆ ಮಸಿಬಟ್ಟೆಯಲ್ಲಿ ಒರೆಸಿದ ಹಾಗೆ ಒರೆಸಿಬಿಟ್ಟ. ಮಸಿ ಹೋಯಿತು. ಕಿವಿಯ ಚರ್ಮವೂ ಕಿತ್ತುಬಂತು.

ಎಂಥಾ ಕಿವಿ ಅದು. ನೆಲದೊಳಕ್ಕೆ ಒಂಬತ್ತು ಅಂತಸ್ತು ಇಳಿದಿರುವ ನಮ್ಮ ಗಾಬ್ಲಿನ್ ಪಟ್ಟಣ ಕುರ್ಗಟ್ಟಿನಲ್ಲಿ ಅಂಥದ್ದು ಇನ್ನೊಂದು ಜೊತೆ ಇರಲಿಲ್ಲ. ಮಲಗುವಾಗ ತೊರ್ಕಿ ಒಂದನ್ನು ಹಾಸಿಕೊಂಡು ಇನ್ನೊಂದನ್ನು ಹೊದ್ದುಕೊಳ್ಳುತ್ತಿದ್ದಳು. ಎರಡು ಬೀದಿ ಆಚೆ ಜಿರಳೆ ಆಕಳಿಸಿದರೆ, “ಪಾಪ, ಅದಕ್ಕೂ ನಿದ್ದೆ ಬಂತು” ಅನ್ನುತ್ತಿದ್ದಳು. ಆರನೇ ಅಂತಸ್ತಿನ ಒಬ್ಬಾಕೆಗೆ, ಬಸುರಿ ಎಂದು ಅವಳಿಗೇ ಗೊತ್ತಾಗುವ ಮೊದಲು, “ಒಳಗೆ ಎರಡವೆ ಕಣಮ್ಮಿ, ಈಗ್ಲೇ ಜಗಳ ಆಡ್ತಾವೆ” ಎಂದಿದ್ದಳು. ಹುಟ್ಟಿದ್ದು ಮೂರು. ಮೂರನೆಯದು ಸಾಧುಪ್ರಾಣಿ, ಜಗಳಕ್ಕೆ ಹೋಗಿರಲಿಲ್ಲ, ಅದಕ್ಕೇ ಕೇಳಿಸಿರಲಿಲ್ಲ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಕಿವಿಯನ್ನು ಇಲಿ ತಿನ್ನಲಿ.

ಕಲ್ಲು ಕೇಳುವುದು ಅವಳ ಕುಲದ ಕಸುಬು. ಬಂಡೆಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ತಟ್ಟಿ, ಒಳಗಿನ ದೇವತೆ ಕಲ್ಲವ್ವ ಎದ್ದಿದ್ದರೆ, ಅಂದರೆ ಬಂಡೆ ಕುಸಿಯುವಂತಿದ್ದರೆ, ಮಸಿಯ ಕೈ ಒತ್ತಬೇಕು. ಮಲಗಿದ್ದರೆ ಸುಣ್ಣದ ಕೈ. ಸುಣ್ಣದ ಕೈ ಒತ್ತಿದವರು ಅದೇ ಬಂಡೆಗೆ ಬೆನ್ನು ಆನಿಸಿ, ಅಗೆದ ಕಲ್ಲಿನ ಮೊದಲ ಬುಟ್ಟಿ ತುಂಬುವತನಕ ಕೂರಬೇಕು. ಬೆನ್ನು ಕೊಡುವುದು ಅಂತಾರೆ ಅದಕ್ಕೆ. ಸುಳ್ಳಾಡಿದರೆ ಆಡಿದವರ ತಲೆಯ ಮೇಲೇ ಮೊದಲು ಬೀಳಲಿ ಎಂದು ಹಿಂದಿನವರು ಮಾಡಿಟ್ಟ ಕಟ್ಟು. ಬೆನ್ನು ಸಿಗದ ಬಂಡೆಗೆ ಕುರ್ಗಟ್ಟಿನ ಯಾವ ಅಗೆಯುವವನೂ ಪಿಕಾಸಿ ತಾಗಿಸುವುದಿಲ್ಲ, ತಲೆ ತೆಗೆದರೂ ಇಲ್ಲ. ತೊರ್ಕಿಯ ಅವ್ವ ಎಷ್ಟು ಸಲ ಬೆನ್ನು ಕೊಟ್ಟಿದ್ದಳೆಂದರೆ, ಕೊನೆಗಾಲದಲ್ಲಿ ಅವಳ ಬೆನ್ನು ನುಣುಪಾಗಿ, ಕೇರಿಯ ಹೆಣ್ಣುಮಕ್ಕಳು ಅದನ್ನು ನೋಡಿಕೊಂಡು ತಲೆ ಬಾಚುತ್ತಿದ್ದರು.

ಈಗ ಅಗೆಯಬೇಕಾಗಿದ್ದದ್ದು ಮೂರನೇ ಅಂತಸ್ತಿನ ಹೆಬ್ಬಾಗಿಲ ಮಾಡು, ಅಂದರೆ ಅದೇ ಬಂಡೆಯ ನೆತ್ತಿ. ಮೇಲಿನ ಬಿಸಿಲು ಸೀಮೆಯಿಂದ ಉದ್ದಕಾಲಿನವರ ರಾಜನ ದೂತ ಮೂರು ದಿನದಲ್ಲಿ ಬರುವವನಿದ್ದ, ಅದೂ ಕುದುರೆಯ ಮೇಲೆ. ಹೆಬ್ಬಾಗಿಲು ನಮ್ಮ ಅಳತೆಯದು. ಕುದುರೆ ಒಳಗೆ ಬರಬೇಕಾದರೆ ತಲೆ ತಗ್ಗಿಸಬೇಕಿತ್ತು. ಪಟ್ಟಣದ ಒಡೆಯ ಉರ್ಮೋಕ ಅಪ್ಪಣೆ ಕೊಡಿಸಿದ: ಕುದುರೆ ತಲೆ ತಗ್ಗಿಸಬಾರದು, ಮಾಡನ್ನು ಮೂರು ಮೊಳ ಕೆತ್ತಿ ಎತ್ತರಿಸಿ.

ಏಳನೇ ಅಂತಸ್ತಿನಿಂದ ಕೆಳಗಿನವರು ಅದೇ ಬಾಗಿಲಲ್ಲಿ ಹಾಯುವಾಗ, ಕಟ್ಟಳೆಯ ಪ್ರಕಾರ, ಮೂಗು ಮಂಡಿಗೆ ತಾಗುವಷ್ಟು ಬಗ್ಗಬೇಕು. ಬಗ್ಗಿ ಬಗ್ಗಿ ನಮ್ಮಲ್ಲಿ ಎಷ್ಟೋ ಜನರ ಮೂಗಿನ ಮೇಲೆ ಮಂಡಿಚಿಪ್ಪಿನ ಅಚ್ಚು ಬಿದ್ದಿದೆ.

“ಸುಣ್ಣದ ಕೈ ನಾ ಒತ್ತಾಕಿಲ್ಲ ಮೇಸ್ತ್ರಿ,” ಎಂದಳು ತೊರ್ಕಿ, ಕಿವಿಯ ರಕ್ತವನ್ನು ಭುಜಕ್ಕೆ ಒರೆಸಿಕೊಳ್ಳುತ್ತ. “ಒಳಗೆ ಹಲ್ಲು ಕಡೀತಾವ್ಳೆ.”

“ಯಾವಳು?”

“ಕಲ್ಲವ್ವ.”

“ಬಾ ಮೇಲಕ್ಕೆ. ಒಡೇರ ಮುಂದೆ ನೀನೂ ಹಂಗೇ ಕಡಿ, ಎಷ್ಟು ಹಲ್ಲು ಉಳೀತಾವೆ ನೋಡುವ.”

ಹಿಂದೆ ನಲವತ್ತು ಜನ ಅಗೆಯುವವರು ಪಿಕಾಸಿ ಊರಿಕೊಂಡು ನಿಂತಿದ್ದರು. ಮೊದಲ ಸಾಲಿನಲ್ಲಿ, ಆ ಮಾಡಿನ ನೇರ ಕೆಳಗೆ, ತೊರ್ಕಿಯ ಒಬ್ಬಳೇ ಮಗಳು ಸ್ನಿಗ್ಗಿ ಇದ್ದಳು. ತಾಯಿ ಅವಳ ಕಡೆ ನೋಡಲಿಲ್ಲ. ಮಗಳ ಎದೆಬಡಿತ ಮಾತ್ರ ಆ ಬಂಡೆಯ ಸದ್ದಿನ ಪಕ್ಕದಲ್ಲೇ ಕೇಳುತ್ತಿತ್ತು.

ಒಡೆಯ ಉರ್ಮೋಕನ ಸಭೆಗೆ ಕೆಳಗಿನವರು ಹೋಗಬೇಕಾದರೆ ಕಿವಿ ಮಡಚಿ ನಾರಿನಲ್ಲಿ ಬಿಗಿದು ಕಟ್ಟಿಕೊಳ್ಳಬೇಕು. ನೆಟ್ಟಗಿರುವ ಕಿವಿ ಅಲ್ಲಿ ಒಬ್ಬನಿಗೇ. ಉರ್ಮೋಕ ಎಂಥಾ ದಪ್ಪ ಆಸಾಮಿ ಎಂದರೆ, ಅವನ ಹೊಟ್ಟೆ ಒಂದು ಕೋಣೆಯಲ್ಲಿದ್ದರೆ ಅವನು ಪಕ್ಕದ ಕೋಣೆಯಲ್ಲಿರುತ್ತಿದ್ದ. ಹಸಿವಾಯಿತೋ ಇಲ್ಲವೋ ಎಂದು ಆಳು ಹೋಗಿ ವಿಚಾರಿಸಿಕೊಂಡು ಬರಬೇಕಿತ್ತು. ಹುರಿದ ಮಿಡತೆಯನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಿದ್ದ. ಪಕ್ಕದಲ್ಲಿ ಕಲ್ಲವ್ವನ ಗುಡಿಯ ಪೂಜಾರಿ ಓರ್ಗು. ತಲೆಗೆ ಹಚ್ಚಿಕೊಂಡ ಎಣ್ಣೆಯಲ್ಲಿ ಎಂಟನೇ ಅಂತಸ್ತಿಗೆ ಒಂದು ವರ್ಷ ದೀಪ ಉರಿಸಬಹುದಿತ್ತು.

ಉರ್ಮೋಕ ಏನೋ ಕೇಳಿದ. ಕಟ್ಟಿದ ಕಿವಿಗೆ ಅದು ನೊಣ ಗುಂಯ್‌ಗುಟ್ಟಿದಂತೆ ಕೇಳಿತು. ತೊರ್ಕಿ ಕತ್ತು ಓರೆ ಮಾಡಿ ನೋಡಿದಳು. ಘುಟ್ಕ ಕಪಾಳಕ್ಕೆ ಬಿಟ್ಟ.

“ಕಿವಿ ಕಟ್ಟೈತೆ ಬುದ್ದಿ, ಕೇಳಾಕಿಲ್ಲ,” ಎಂದಳು ತೊರ್ಕಿ.

“ಬಿಚ್ಚಿದ್ರೆ ಮೈಲಿಗೆ ಆಯ್ತದೆ,” ಎಂದ ಪೂಜಾರಿ. ಅದನ್ನು ಅವಳು ಅವನ ತುಟಿ ನೋಡಿ ತಿಳಿದುಕೊಂಡಳು.

ಒಡೆಯ ಗಂಟಲು ಹರಿದುಕೊಂಡ. “ಯಾವಾಗ್ಲೇ ಮಲಗ್ತದೆ ನಿನ್ ಕಲ್ಲು?”

“ಒಂದು ತಿಂಗ್ಳು ಮುಟ್ಟದಂಗೆ ಬಿಟ್ಟು, ಕೆಳಗಿಂದ ದಿಮ್ಮಿ ಆನಿಸಿದ್ರೆ ಮಲಗ್ತಾಳೆ ಬುದ್ದಿ.”

“ಮೂರು ದಿನಕ್ಕೆ ಕುದ್ರೆ ಬತ್ತದೆ.”

“ಬರ್ಲಿ. ಒಂದ್ ಗಳಿಗೆ ತಲೆ ತಗ್ಗಿಸ್ಲಿ. ನಾವು ತಗ್ಗಿಸ್ತಿಲ್ವಾ, ನಮ್ ಕುತ್ಗೆ ಏನ್ ಮುರ್ದೋಗೈತಾ.”

ಮಿಡತೆ ಉರ್ಮೋಕನ ತುಟಿಯ ಹತ್ತಿರ ನಿಂತಿತು. ಪೂಜಾರಿ ಬಾಯಿಗೆ ಕೈ ಅಡ್ಡ ಹಿಡಿದ. ಒಡೆಯ ಮೆಲ್ಲಗೆ ಮಿಡತೆಯನ್ನು ಕೆಳಗಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದ. “ಕುದ್ರೆ ಹೆಂಗೆ ತಗ್ಗಿಸ್ತದೆ, ತೋರ್ಸು.”

ತೊರ್ಕಿ ನಾಲ್ಕು ಕಾಲಾದಳು. ಘುಟ್ಕ ಬೆನ್ನೇರಿ ಕೂತು, ಕಿವಿಗೆ ಕಟ್ಟಿದ್ದ ನಾರನ್ನೇ ಕಡಿವಾಣ ಮಾಡಿ ಎಳೆದ. ಕಟ್ಟು ಸಡಿಲಿ ಅವಳಿಗೆ ಮಾತು ಕೇಳತೊಡಗಿತು. ಸಭೆಯ ಸುತ್ತ ಒಂದು ಸುತ್ತು ಬಂದಳು. ಎರಡನೇ ಸುತ್ತಿಗೆ “ಕೆನೀಲಿ” ಎಂದು ಯಾರೋ ಕೂಗಿದರು. ಕುದುರೆಯ ದನಿ ಅವಳು ಕೇಳಿರಲೇ ಇಲ್ಲ, ಕುರಿಯಂತೆ ಅರಚಿದಳು. ಮೇಲಿನವರು ನಕ್ಕ ನಗೆಗೆ ದೀಪಗಳು ಆರಿಹೋದವು, ಮತ್ತೆ ಹಚ್ಚಬೇಕಾಯಿತು. ಹೊರುವ ಬುಟ್ಟಿಗಿಂತ ಘುಟ್ಕ ಹಗುರ ಎಂದುಕೊಂಡಳು ತೊರ್ಕಿ. ಬುಟ್ಟಿಗೆ ಮೂತ್ರದ ನಾತ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಮೂರನೇ ಸುತ್ತಿನಲ್ಲಿ ನೆಲಕ್ಕೆ ಊರಿದ ಅಂಗೈಗೆ ಕಲ್ಲವ್ವನ ಸದ್ದು ಸಿಕ್ಕಿತು. ಹೆಬ್ಬಾಗಿಲು ಅಲ್ಲಿಂದ ಇನ್ನೂರು ಹೆಜ್ಜೆ. ಬೆಳಿಗ್ಗೆ ಹಲ್ಲು ಕಡಿಯುತ್ತಿದ್ದವಳು ಈಗ ಮಗ್ಗುಲು ಬದಲಿಸುತ್ತಿದ್ದಳು.

“ನೀ ಬೆನ್ನು ಕೊಡಾಕಿಲ್ಲ ಅಂದ್ರೆ ನಿನ್ ಮಗಳು ಕೊಡ್ತಾಳೆ,” ಎಂದ ಉರ್ಮೋಕ.

“ಅವ್ಳು ಇನ್ನೂ ಕಲ್ಲು ಕೇಳೋದು ಕಲ್ತಿಲ್ಲ ಬುದ್ದಿ. ಕೇಳದೋರ ಬೆನ್ನಿಗೆ ನಮ್ಮೋರು ಪಿಕಾಸಿ ಎತ್ತಾಕಿಲ್ಲ.”

ಆಗ ಓರ್ಗು ಪೂಜಾರಿ ಎಣ್ಣೆತಲೆ ಅಲ್ಲಾಡಿಸುತ್ತ ಮುಂದೆ ಬಾಗಿದ. “ಈ ಚರಂಡಿ ಮುಂಡೇದು ಕಿವಿ ಯಾಕೆ ಬೇಕು ಒಡೇರೆ. ತಾಯಿ ನೆನ್ನೆ ನನ್ ಕನಸ್ನಾಗೆ ಬಂದಿದ್ಲು. ಮಲಗಿವ್ನಿ ಕಣೋ ಓರ್ಗು ಅಂದ್ಲು. ಸುಣ್ಣದ ಕೈ ನಾನೇ ಒತ್ತುತೀನಿ. ಪೂಜಾರಿ ಕೈಗಿಂತ ಇನ್ಯಾವ ಕೈ ಬೇಕು ಇವಕ್ಕೆ.”

ಮಲಗಿದವಳು ಎದ್ದು ಬಂದು ಮಲಗಿದ್ದೇನೆ ಅಂದಳೋ ಎಂದು ಕೇಳಬೇಕೆನಿಸಿತು ತೊರ್ಕಿಗೆ. ಬೆನ್ನ ಮೇಲೆ ಘುಟ್ಕ ಇದ್ದ. ಮುಂದಿನ ಸುತ್ತಿಗೆ ಕೈ ಊರಿದಳು.

ಮರುದಿನ ಬೆಳಗಿನ ಗಂಟೆಗೆ ಸರಿಯಾಗಿ ಪೂಜಾರಿ ಪಲ್ಲಕ್ಕಿಯಲ್ಲಿ ಬಂದ. ಹೊತ್ತವರು ಎಂಟನೇ ಅಂತಸ್ತಿನ ನಾಲ್ವರು. ಅವರಲ್ಲಿ ಮುಂದಿನವನು ಮುರ್ಜ. ಇಪ್ಪತ್ತು ವರ್ಷ ಹೊತ್ತು ಹೊತ್ತು ಅವನ ಒಂದು ಭುಜ ಮೊಣಕಾಲಿನ ಹತ್ತಿರ ಬಂದುಬಿಟ್ಟಿತ್ತು. ಮಾತಂತೂ ಆಡುತ್ತಲೇ ಇರಲಿಲ್ಲ.

ಓರ್ಗು ಪಲ್ಲಕ್ಕಿಯಿಂದ ಇಳಿಯಲಿಲ್ಲ. ಕೂತಲ್ಲಿಂದಲೇ ಸುಣ್ಣದಲ್ಲಿ ಕೈ ಅದ್ದಿ, ಬಂಡೆಗೆ ಒತ್ತಿ, ಹೊಗೆ ಹಾಕಿಸಿ, “ತಾಯಿ ಮಲಗವ್ಳೆ” ಎಂದ. ಎಂದೂ ಕೆಲಸ ಮಾಡದ ಕೈ. ಗುರುತು ರೊಟ್ಟಿಯ ಹಾಗೆ ದುಂಡಗೆ ಬಿತ್ತು. ಪಲ್ಲಕ್ಕಿ ಹತ್ತು ಹೆಜ್ಜೆ ಹಿಂದೆ ಸರಿಯಿತು.

“ಎತ್ರಲೇ ಪಿಕಾಸಿ,” ಎಂದ ಘುಟ್ಕ.

ನಲವತ್ತು ಜನ ತೊರ್ಕಿಯ ಕಡೆ ನೋಡಿದರು. ಅವಳು ಬಂಡೆಗೆ ಕಿವಿಯಿಡುವ ಅಗತ್ಯವೇ ಇರಲಿಲ್ಲ. ನಿಂತಲ್ಲೇ ಕೇಳುತ್ತಿತ್ತು, ಒದ್ದೆ ಸೌದೆ ಸೀಳಿದ ಹಾಗೆ.

“ಪೂಜಾರಪ್ಪ,” ಎಂದಳು. “ಬೆನ್ನು.”

“ಏನಂದೆ?”

“ಸುಣ್ಣದ ಕೈ ನಿಮ್ದು. ಬೆನ್ನೂ ನಿಮ್ದೇ ಆಗ್ಬೇಕು.”

“ನನ್ ಬೆನ್ನು ಗುಡಿ ಕಂಬಕ್ಕೆ ಬಿಟ್ರೆ ಇನ್ಯಾವುದಕ್ಕೂ ತಾಗಬಾರದು. ಶಾಸ್ತ್ರ ಐತೆ.”

ಅಗೆಯುವವರಲ್ಲಿ ಎಲ್ಲರಿಗಿಂತ ಹಳಬ ಡಿಬ್ಕ. ಅವನ ಬಾಯಲ್ಲಿ ಉಳಿದಿದ್ದದ್ದು ಒಂದು ಹಲ್ಲು. “ಅಲ್ಲಾ ಸ್ವಾಮಿ,” ಎಂದು ರಾಗ ಎಳೆದ ಅವನು, “ಕನಸ್ನಾಗೆ ತಾಯಿ ಪಕ್ಕದಾಗೆ ಮಲಗೋರು, ಎದ್ದಾಗ ಒಂದ್ ಗಳಿಗೆ ಒರಗಾಕೆ ನಾಚ್ಕೆ ಪಡ್ತೀರಲ್ಲ. ನಾವೇನು ನೋಡಾಕಿಲ್ಲ ಬುಡಿ, ಅತ್ಲಾಗ್ ತಿರುಗ್ತೀವಿ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಘುಟ್ಕನ ಚಾಟಿ ಡಿಬ್ಕನ ದವಡೆಗೆ ಬಿತ್ತು. ಡಿಬ್ಕ ಆ ಹಲ್ಲನ್ನು ಅಂಗೈಗೆ ಉಗುಳಿಕೊಂಡು, ತಿರುಗಿಸಿ ತಿರುಗಿಸಿ ನೋಡಿ, ಪಿಕಾಸಿಯನ್ನು ನೆಲಕ್ಕೆ ಹಾಕಿ ಅದರ ಹಿಡಿಯ ಮೇಲೆ ಕುಕ್ಕುರುಗಾಲಲ್ಲಿ ಕೂತ. ಸ್ನಿಗ್ಗಿಯೂ ಕೂತಳು. ಅವಳ ಹಿಂದಿನವರೂ. ನಲವತ್ತು ಪಿಕಾಸಿ ನೆಲ ಮುಟ್ಟಿದ ಸದ್ದು ಒಂಬತ್ತನೇ ಅಂತಸ್ತಿನ ಬಾವಲಿಗಳನ್ನೂ ಎಬ್ಬಿಸಿತು.

“ಏಳ್ರೋ, ಬಾವಲಿಗೆ ಹುಟ್ದೋರಾ.” ಘುಟ್ಕ ಎಡಬಲ ಬೀಸಿದ. ಒಬ್ಬರೂ ಏಳಲಿಲ್ಲ. ಕೊನೆಗೆ ಸ್ನಿಗ್ಗಿಯ ಕಿವಿ ಹಿಡಿದು ಬಂಡೆಯ ಕಡೆ ದರದರ ಎಳೆದ. “ಬೆನ್ನು ಬೇಕಲ್ವಾ ನಿಮ್ಗೆ. ತಗಳಿ, ಇದೇ ಬೆನ್ನು.”

“ಅವ್ವಾ,” ಎಂದಳು ಸ್ನಿಗ್ಗಿ. ಕಿರುಚಲಿಲ್ಲ, ಮನೆಯಲ್ಲಿ ಉಪ್ಪಿನ ಮಡಕೆ ಎಲ್ಲಿದೆ ಎಂದು ಕೇಳುವ ದನಿಯಲ್ಲೇ ಅಂದಳು.

ತೊರ್ಕಿ ಹೋಗಿ ಮಗಳಿಗೂ ಬಂಡೆಗೂ ನಡುವೆ ನಿಂತಳು. ಘುಟ್ಕ ಚಾಟಿಯ ಹಿಡಿಯಿಂದ ಅವಳ ಮೂಗಿಗೆ ಗುದ್ದಿದ. ರಕ್ತ ಬಾಯಿಗಿಳಿಯಿತು. ಅವಳು ಕದಲಲಿಲ್ಲ. ಇನ್ನೊಂದು ಸಲ ಗುದ್ದಿದ.

ಅಷ್ಟರಲ್ಲಿ ಪಲ್ಲಕ್ಕಿ ಎದ್ದಿತು.

“ಹ್ಞೂ, ನಡೀರಿ, ನಡೀರಿ,” ಎಂದ ಪೂಜಾರಿ. “ಇಲ್ಲಿ ನಮ್ ಕೆಲ್ಸ ಮುಗೀತಲ್ಲ, ಗುಡಿಗೆ ನಡೀರಿ.”

ಮುರ್ಜ ನಡೆದ. ಗುಡಿಯ ಕಡೆಯಲ್ಲ. ನಾಲ್ವರೂ ಹತ್ತು ಹೆಜ್ಜೆ ಮುಂದೆ ಬಂದು, ಪಲ್ಲಕ್ಕಿಯನ್ನು ತಿರುಗಿಸಿ, ಅದರ ಹಿಂಬದಿಯನ್ನು ಬಂಡೆಗೆ, ಸರಿಯಾಗಿ ಆ ರೊಟ್ಟಿಯಂಥ ಸುಣ್ಣದ ಗುರುತಿಗೆ ಒತ್ತಿ ಇಳಿಸಿದರು. ಹೊರುವ ಬೊಂಬು ನಾಲ್ಕನ್ನೂ ಕಳಚಿ ಎಳೆದುಕೊಂಡು ಹೆಗಲ ಮೇಲಿಟ್ಟರು. ಓರ್ಗು ಏಳಲು ನೋಡಿದ. ಎರಡು ಗುಡಿಯ ನೈವೇದ್ಯ ತಿಂದ ಮೈ. ನಾಲ್ಕು ಆಳು ಎತ್ತದೆ ಆ ಪೀಠದಿಂದ ಅವನು ಎಂದೂ ಎದ್ದವನಲ್ಲ. ಆ ನಾಲ್ಕು ಆಳು ಎದುರಿಗೆ ನಿಂತು ನೋಡುತ್ತಿದ್ದರು.

“ಮೇಸ್ತ್ರಿ,” ಎಂದ ಪೂಜಾರಿ. “ಇವ್ರಿಗೆ ಹೇಳೋ.”

ಘುಟ್ಕ ನಾಲ್ಕು ಬೊಂಬು ನೋಡಿದ. ಕೂತಿದ್ದ ನಲವತ್ತು ಜನ ಏಳುತ್ತಿದ್ದರು. ಅವರ ಕೈಯಲ್ಲಿ ಪಿಕಾಸಿ ಇತ್ತು. ಸ್ನಿಗ್ಗಿಯ ಕಿವಿ ಬಿಟ್ಟ. ಚಾಟಿ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡ.

ತೊರ್ಕಿ ಮಗಳನ್ನೂ ಉಳಿದವರನ್ನೂ ದೊಡ್ಡ ಕಂಬದ ಆಚೆಗೆ ಕಳಿಸಿದಳು. ಆಮೇಲೆ ಒಂದು ಬುಟ್ಟಿ ತಂದು ಪೂಜಾರಿಯ ಕಾಲ ಬುಡದಲ್ಲಿ ಇಟ್ಟಳು.

“ಇದು ತುಂಬೋಗಂಟ ಕೂರ್ಬೇಕು ಪೂಜಾರಪ್ಪ. ಜಾಸ್ತಿ ಹೊತ್ತೇನಿಲ್ಲ.”

“ತುಂಬ್ರೋ ಹಂಗಾದ್ರೆ. ಬೇಗ ತುಂಬ್ರೋ ನನ್ ಮಕ್ಳಾ. ಅಗೀರೋ.”

ಯಾರೂ ಕದಲಲಿಲ್ಲ. ಓರ್ಗು ಇನ್ನೂ ಏನೋ ಬೈಯಲು ಬಾಯಿ ತೆರೆದ. ಆ ಬಾಯಿ ತೆರೆದದ್ದು ತೆರೆದೇ ಇತ್ತು. ನಲವತ್ತು ವರ್ಷ ಕಲ್ಲವ್ವನ ಪೂಜೆ ಮಾಡಿದವನು ಒಂದು ದಿನವೂ ಅವಳಿಗೆ ಬೆನ್ನು ತಾಗಿಸಿದವನಲ್ಲ. ಈಗ ಪೀಠದ ಹಲಗೆಯಿಂದ, ಬೆನ್ನುಹುರಿಯಿಂದ ಅವಳು ಹಲ್ಲು ಕಡಿಯುವ ಸದ್ದು ಅವನಿಗೆ ಬಂತು. ತಲೆಯ ಎಣ್ಣೆ ಕೆನ್ನೆಗಿಳಿಯಿತು.

“ಬ್ಯಾಡ,” ಎಂದ ಸಣ್ಣ ದನಿಯಲ್ಲಿ. “ಮುಟ್‌ಬ್ಯಾಡ್ರೋ. ಪಿಕಾಸಿ ಕೆಳಗಿಡ್ರೋ.”

“ಯಾಕೆ ಪೂಜಾರಪ್ಪ,” ಕಂಬದ ಆಚೆಯಿಂದ ತೊರ್ಕಿ ಕೇಳಿದಳು. “ಏನಂತಾಳೆ ತಾಯಿ?”

ಓರ್ಗು ಘುಟ್ಕನನ್ನು ನೋಡಿದ. ಘುಟ್ಕ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದ. ಮೇಲಿನ ದಾರಿಯಲ್ಲಿ ಒಡೆಯನ ಓಲೆಕಾರ ಕೆಲಸ ಎಲ್ಲಿಗೆ ಬಂತೆಂದು ಕೂಗುತ್ತಿದ್ದ.

“ನಿಮ್ ಬಾಯಿಂದ ಬರ್ಲಿ ಪೂಜಾರಪ್ಪ,” ಎಂದಳು ತೊರ್ಕಿ. “ಎದ್ದವ್ಳಾ, ಮಲಗವ್ಳಾ?”

ಪೂಜಾರಿ ಕತ್ತೆತ್ತಿ ಮಾಡಿನ ಕಡೆ ನೋಡಿದ. ಮಾಡಿನಿಂದ ಹರಳೊಂದು ಕಳಚಿ ಬುಟ್ಟಿಗೆ ಬಿತ್ತು. ತುಸು ಹೊತ್ತಿಗೆ ಇನ್ನೊಂದು. ಆಮೇಲೆ ಹಿಡಿಮಣ್ಣು. ಯಾರೂ ಪಿಕಾಸಿ ಎತ್ತದೆ, ಬುಟ್ಟಿ ತುಂಬತೊಡಗಿತು.