ತೆರೆಯುವ ಹುಡ್

ಯೂನುಸ್ ಚಾಚಾ ಮೊದಲು ಬಣ್ಣ ಕೇಳಲಿಲ್ಲ. ಕಾರಿನ ಹುಡ್ ತೆರೆಯಬೇಕೋ, ಮುಚ್ಚಿಯೇ ಇರಬೇಕೋ ಎಂದು ಕೇಳಿದರು.

"ಮುಚ್ಚೇ ಇರ್ಲಿ," ಅಂದರು ಮಾವ ಗುರುಲಿಂಗಪ್ಪ.

"ತೆರೀಬೇಕು," ಅಂದೆ ನಾನು.

ಚಾಚಾನ ಅಂಗಡಿ ಔರಂಗಾಬಾದಿನಲ್ಲಿ, ದೌಲತಾಬಾದಿಗೆ ಹೋಗುವ ರಸ್ತೆಯ ಬದಿ. ಜೀಪುಗಳಿಗೆ, ಹಳೇ ಕಾರುಗಳಿಗೆ ಬಟ್ಟೆಯ ಹುಡ್ ಹೊಲಿಯುವುದು ಅವರ ಕಸುಬು. ನಮ್ಮದು ಅರವತ್ತರ ದಶಕದ ಹೆರಾಲ್ಡ್ ಕಾರು, ಹುಡ್ ಮಡಚಿ ಹಿಂದಕ್ಕೆ ಹಾಕುವಂಥದ್ದು. ನನ್ನ ಗಂಡ ಸುಹಾಸ ಅದನ್ನು ಸಟಾಣಾದ ಒಂದು ದಾಳಿಂಬೆ ತೋಟದ ಶೆಡ್ಡಿನಿಂದ ಎಳೆದು ತಂದಿದ್ದ. ಒಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ಎಂಜಿನ್ನು, ಬಣ್ಣ, ಸೀಟು ಎಲ್ಲ ಮುಗಿಸಿದ. ಹುಡ್ ಉಳಿದಿತ್ತು. ಅಷ್ಟರಲ್ಲಿ ಜ್ವರ ಬಂತು. ಅವನು ಹೋಗಿ ಮೊನ್ನೆ ಗಣಪತಿಗೆ ವರ್ಷವಾಯಿತು.

ಕಾರು ಮಾರುವುದು ಬೇಡ ಎಂದು ನಾನು ಅಂದಾಗ ಮಾವ ಒಪ್ಪಿದ್ದರು. ನಾನೇ ಓಡಿಸುತ್ತೇನೆ ಅಂದಾಗಲೂ ಅಡ್ಡಿ ಮಾಡಿರಲಿಲ್ಲ. ಗಂಡ ಸತ್ತವಳು ಮೇಲೆ ಏನೂ ಇಲ್ಲದ ಕಾರಿನಲ್ಲಿ ನಾಸಿಕದ ಬೀದಿಯಲ್ಲಿ ಹೋಗುವುದನ್ನು ಮಾತ್ರ ಅವರಿಂದ ನೆನೆಯಲಾಗಲಿಲ್ಲ.

ಚಾಚಾ ಎರಡು ತುಂಡು ತಂದಿಟ್ಟರು. ಒಂದು ದಪ್ಪ ಕರೀ ರೆಕ್ಸಿನ್. ಇನ್ನೊಂದು ಕ್ಯಾನ್ವಾಸ್, ಎರಡು ಪದರದ ನಡುವೆ ರಬ್ಬರು. ನಾನು ಎರಡನ್ನೂ ಮಡಚಿ ಸ್ಟೂಲಿನ ಮೇಲಿಟ್ಟು ಅದರ ಮೇಲೆ ಕೂತು ಚಹಾ ಕುಡಿದೆ. ಎದ್ದು ಬಿಡಿಸಿದರೆ ರೆಕ್ಸಿನ್ನಿನ ಮೇಲೆ ಬಿಳೀ ಗೆರೆ ಬಿದ್ದಿತ್ತು. ನಾಳೆ ಅಲ್ಲೇ ಸೀಳುವಂಥ ಗೆರೆ.

"ಮಡಚಲಿಕ್ಕ ಹೋದ್ರ ಸೀಳ್ತೈತಿ. ಮಡಚೂದ ಬ್ಯಾಡ," ಅಂದರು ಮಾವ.

"ಕ್ಯಾನ್ವಾಸ್ ಸೀಳೂದಿಲ್ರಿ. ಇದರಾಗ ಕೆಂಪು ಹಾಕ್ಸೋಣ್ರಿ."

"ಕೆಂಪು ಯಾಕವಾ? ಮದುವಿ ಗಾಡಿ ಕಂಡಂಗ ಕಾಣ್ತೈತಿ."

"ಕಾಣ್ಲಿರಿ."

"ಮಂದಿ ಏನಂದಾರು?"

"ಮಂದಿಗೆ ಇದರಾಗ ಜಾಗಾ ಇಲ್ರಿ. ನಾಕ ಸೀಟು."

ನಮ್ಮ ಕನ್ನಡದ ಜಗಳ ಮುಗಿಯುವ ತನಕ ಚಾಚಾ ಬೀಡಿ ಸೇದಿದರು. ಆಮೇಲೆ ಕೆಂಪು ಕ್ಯಾನ್ವಾಸನ್ನು ಬಿಸಿಲಿಗೆ ಹರಡಿದರು. ಬಟ್ಟೆ ಬಿಸಿಯಾಗಿರುವಾಗಲೇ ಕಾರಿನ ಮೇಲೆ ಎಳೆದು ಅಳೆಯಬೇಕಂತೆ, ಇಲ್ಲದಿದ್ದರೆ ಆಮೇಲೆ ಜೋತು ಬೀಳುತ್ತದೆ. ಹುಡ್ ತಯಾರಾದ ಮೇಲೆ ಯೇವಲಾ ದಾಟಿ ನಾಸಿಕದ ಮನೆಗೆ ಬರುವಾಗ ಮಾವ ಪಕ್ಕದಲ್ಲೇ ಇದ್ದರು. ಮಳೆ ಇತ್ತು. ತೆರೆಯಲಿಲ್ಲ.

ಮರುದಿನ ಬಿಸಿಲು ಬಿತ್ತು. ತೆರೆಯೋಣವೆಂದು ಒಳಗೆ ಕೂತೆ. ಮುಂದಿನ ಗಾಜಿನ ಮೇಲೆ ಹುಡ್ಡನ್ನು ಹಿಡಿಯುವ ಎರಡು ಕೊಕ್ಕೆಗಳಿವೆ. ಎರಡಕ್ಕೂ ಉಕ್ಕಿನ ತಂತಿ ಹೊಸೆದು ಬಿಗಿದಿತ್ತು.

ನೋಡಿದ ಕೂಡಲೇ ಯಾರ ಕೆಲಸವೆಂದು ಗೊತ್ತಾಯಿತು. ಮಾವ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಹಾರುವಾಗ ಬೋಲ್ಟು ಸಡಿಲಾಗದಂತೆ ಅಲ್ಲಿ ಹೀಗೆ ತಂತಿ ಕಟ್ಟುತ್ತಾರೆ. ಕಟ್ಟಿದವನನ್ನು ಕೇಳದೆ ಇನ್ನೊಬ್ಬ ಅದನ್ನು ಕತ್ತರಿಸುವಂತಿಲ್ಲ. ನಮ್ಮ ಮನೆಯಲ್ಲೂ ಅದೇ ಕಾನೂನು. ಗ್ಯಾಸಿನ ಪೈಪು, ಪಂಖಾ, ನೀರಿನ ಟಾಕಿಯ ಮುಚ್ಚಳ, ಎಲ್ಲದಕ್ಕೂ ಮಾವನ ತಂತಿ. ಅದೇ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಸುಹಾಸನೂ ಕೇಳದೆ ಮುಟ್ಟಿದವನಲ್ಲ.

ನನಗೆ ಸಿಟ್ಟು ಬಂತು. ಬಹಳ ದಿನದ ಮೇಲೆ ಏನೋ ಒಂದು ಬಂದಿತ್ತು.

ಮಾವ ಪೇಪರು ಹಿಡಿದುಕೊಂಡೇ ಅಂಗಳಕ್ಕೆ ಬಂದರು.

"ಇದೇನ್ರಿ ಮಾವಾರ?"

"ಗಾಳಿಗೆ ಬಿಚ್ಚಬಾರ್ದಲ್ಲ."

"ಗಾಳಿ ಬಿಚ್ಚೂದಿಲ್ರಿ. ಬಿಚ್ಚಾಕಿ ನಾನು."

"ಅದಕ್ಕ ಕಟ್ಟೀನಿ."

ಸುಹಾಸನ ಪೆಟ್ಟಿಗೆಯಿಂದ ಕಟ್ಟರ್ ತಂದು ಅವರ ಮುಂದೆ ಹಿಡಿದೆ. "ನೀವ ಕಟ್ಟೀರಿ. ನೀವ ಕತ್ತರಸ್ರಿ."

ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡರು. "ಸುಹಾಸ ಇದ್ದಿದ್ರ ನನ್ನ ತಂತಿಗೆ ಕೈ ಹಚ್ಚತಿದ್ದಿಲ್ಲ."

"ಸುಹಾಸ ಇಲ್ರಿ."

ಮತ್ತೆ ಒಳಗೆ ಕೂತು ಕತ್ತರಿಸಿದೆ. ಟಣ್ ಎಂದು ಒಂದು ತುಂಡು ಸೀಟಿನ ಸಂದಿಗೆ ಹಾರಿತು. ಎರಡನೆಯದನ್ನೂ ಕತ್ತರಿಸಿದೆ.

"ತುಂಡು ಎಲ್ಲಿ?" ಅಂದರು ಮಾವ.

ಧ್ವನಿ ಬೇರೆಯಾಗಿತ್ತು. ಕಾರ್ಖಾನೆಯಲ್ಲಿ ಕತ್ತರಿಸಿದ ತಂತಿಯ ಚೂರು ಒಂದೂ ಒಳಗೆ ಉಳಿಯಬಾರದು. ಅದು ಸಿಗುವ ತನಕ ವಿಮಾನ ಹೊರಡುವುದಿಲ್ಲ. ಅವರು ಪೇಪರು ಕೆಳಗಿಟ್ಟು, ಆ ಕಡೆಯ ಬಾಗಿಲು ತೆಗೆದು, ಸೀಟಿನ ಕೆಳಗೆ ಬೆರಳಾಡಿಸಿದರು. ಸಿಗಲಿಲ್ಲ.

"ಕತ್ತಲ ಐತಿ. ಹುಡ್ ಸ್ವಲ್ಪ ಎತ್ತು," ಅಂದರು, ತಲೆ ಎತ್ತದೆ.

ನಾನು ಕೊಕ್ಕೆ ಬಿಡಿಸಿ ಪೂರ್ತಿ ಹಿಂದಕ್ಕೆ ಹಾಕಿದೆ. ಬಿಸಿಲು ಅವರ ಬೆನ್ನಿನ ಮೇಲೆ ಬಿತ್ತು. ಚೂರು ಸಿಕ್ಕಿತು. ಅದನ್ನು ಮುಷ್ಟಿಯಲ್ಲಿ ಹಿಡಿದು ಎದ್ದವರು ತೆರೆದ ಆಕಾಶ ನೋಡಿ, ನನ್ನನ್ನು ನೋಡಿ, ಬಾಗಿಲು ಹಾಕಿದರು. ನೇರ ಹೋಗಿ ಗೇಟಿಗೆ ಅಡ್ಡ ನಿಂತರು.

ಎಂಜಿನ್ ಶುರು ಮಾಡಿ ಅವರ ಹತ್ತಿರದ ತನಕ ತಂದೆ.

"ಒಳಗ ನಡಿ, ಹಂಸಾ."

ಹಾರ್ನ್ ಒತ್ತಿದೆ. ಹೆರಾಲ್ಡಿನ ಹಾರ್ನ್ ಎಮ್ಮೆ ಒದರಿದಂತೆ ಒದರುತ್ತದೆ. ಎದುರು ಮನೆಯವರು ಬಾಲ್ಕನಿಗೆ ಬಂದರು. ತರಕಾರಿ ಗಾಡಿಯ ಹತ್ತಿರ ನಿಂತಿದ್ದ ಹೆಂಗಸರು ತಿರುಗಿದರು. ಮಾವ ಅವರನ್ನು ನೋಡಿದರು. ನಾನೂ ನೋಡಿದೆ, ಮುಖ ಮುಚ್ಚಿಕೊಳ್ಳಲಿಲ್ಲ.

"ಎಲ್ಲಾರೂ ನೋಡಾಕತ್ತಾರ," ಅಂದರು ಮಾವ, ಮೆಲ್ಲಗೆ.

"ಹೌದ್ರಿ. ಇನ್ನೊಮ್ಮೆ ಒತ್ತಲೇನ್ರಿ?"

ಅವರು ಬದಿಗೆ ಸರಿದರು. ಗೇಟು ತೆಗೆಯಲಿಲ್ಲ. ಇಳಿದು ನಾನೇ ತೆಗೆದೆ.